ಹೋನ್ ಎಂಬ ಇಂಗ್ಲಿಷೂ, ಸಾಣೆ ಎಂಬ ಕನ್ನಡವೂ

'ನಿಮ್ಮ ಕೌಶಲ್ಯಗಳನ್ನು ಹರಿತಗೊಳಿಸಿಕೊಳ್ಳಿ.'

ಈ ಥರದ ವಾಕ್ಯವನ್ನು ನೀವೂ ಓದಿರುತ್ತೀರಿ. ತರಬೇತಿ ಶಿಬಿರದ ಕರಪತ್ರದಲ್ಲೋ, ಉದ್ಯೋಗ ಪುರವಣಿಯಲ್ಲೋ, ಯಾವುದೋ ಕಂಪನಿಯ ಕನ್ನಡ ಜಾಹೀರಾತಿನಲ್ಲೋ. ಓದಿದ ಕೂಡಲೇ ಗೊತ್ತಾಗುತ್ತದೆ, ಇದು ಕನ್ನಡದಲ್ಲಿ ಹುಟ್ಟಿದ ವಾಕ್ಯ ಅಲ್ಲ ಅಂತ. ಇಂಗ್ಲಿಷಿನಲ್ಲಿ 'ಹೋನ್' ಅಂತ ಇದ್ದದ್ದನ್ನು ಯಾರೋ ನಿಘಂಟು ತೆಗೆದು ನೋಡಿ 'ಹರಿತಗೊಳಿಸು' ಅಂತ ಇಳಿಸಿದ್ದಾರೆ. ಅರ್ಥವೇನೋ ತಪ್ಪಿಲ್ಲ. ಆದರೆ ಕನ್ನಡದಲ್ಲಿ ಹರಿತ ಆಗುವುದು ಚಾಕು, ಕತ್ತಿ, ಹೆಚ್ಚೆಂದರೆ ನಾಲಿಗೆ. 'ಅವಳ ನಾಲಿಗೆ ಬಲು ಹರಿತ' ಅಂದರೆ ಅದು ಹೊಗಳಿಕೆ ಅಲ್ಲ ಅನ್ನುವುದು ನಿಮಗೆ ಗೊತ್ತೇ ಇದೆ :-)

ಅನುವಾದದ ಕೆಲಸ ಮಾಡುವಾಗ ಈ 'ಹೋನ್' ನನಗೆ ಪದೇಪದೇ ಎದುರಾಗುತ್ತದೆ. ಹಾಗಾಗಿ ಇದರ ಜಾತಕ ಏನು, ಇದರ ಅಣ್ಣತಮ್ಮಂದಿರು ಯಾರು, ನಮ್ಮಲ್ಲಿ ಇದಕ್ಕೆ ಏನೇನು ಮಾತುಗಳಿವೆ ಅಂತ ಹುಡುಕುತ್ತಾ ಹೋದೆ. ಸಿಕ್ಕಿದ್ದನ್ನು ಇಲ್ಲಿ ಹಂಚಿಕೊಳ್ಳುತ್ತಿದ್ದೇನೆ. ಸ್ವಲ್ಪ ಉದ್ದವಾಗಿದೆ, ಕಾಫಿ ಜೊತೆಗಿರಲಿ.

ಮೊದಲು ಗಮನಿಸಬೇಕಾದದ್ದು: 'ಹೋನ್' ಹುಟ್ಟಿದ್ದು ಕ್ರಿಯಾಪದವಾಗಿ ಅಲ್ಲ. ಹಳೆಯ ಇಂಗ್ಲಿಷಿನಲ್ಲಿ 'ಹಾನ್' ಅಂದರೆ ಕಲ್ಲು, ಅಷ್ಟೇ. ಕ್ರಮೇಣ ಅದು ಅಲಗು ಉಜ್ಜುವ ಕಲ್ಲಿಗೆ ಮಾತ್ರ ಹೆಸರಾಗಿ ಉಳಿಯಿತು. ಆ ಕಲ್ಲಿನ ಮೇಲೆ ಉಜ್ಜುವ ಕೆಲಸಕ್ಕೂ ಅದೇ ಹೆಸರು ಬಂದದ್ದು ತೀರಾ ಈಚೆಗೆ, ಸುಮಾರು ಇನ್ನೂರು ಚಿಲ್ಲರೆ ವರ್ಷಗಳ ಹಿಂದೆ. ಚಾಕುವನ್ನು ಬಿಟ್ಟು ಕಲೆ, ಬುದ್ಧಿ, ಕೌಶಲಗಳನ್ನು 'ಹೋನ್' ಮಾಡುವ ರೂಢಿ ಅದಕ್ಕೂ ಆಮೇಲಿನದು.

ಇನ್ನು ಇದರ ನೆಂಟಸ್ತಿಕೆ ನೋಡಿ. ಭಾಷಾಶಾಸ್ತ್ರಜ್ಞರು ಇಂಗ್ಲಿಷಿನ 'ಹೋನ್', ಲ್ಯಾಟಿನ್ನಿನ 'ಕೋಸ್' (ಸಾಣೆಕಲ್ಲು) ಮತ್ತು ಸಂಸ್ಕೃತದ 'ಶಾಣ' ಮೂರನ್ನೂ 'ಹರಿತ ಮಾಡು' ಎಂಬ ಅರ್ಥದ ಒಂದೇ ಮೂಲಧಾತುವಿಗೆ ಸೇರಿಸುತ್ತಾರೆ. ಹ, ಕ, ಶ ಎಲ್ಲಿಂದೆಲ್ಲಿಗೆ ಸಂಬಂಧ ಅಂತೀರಾ? ಇದು ಲೆಕ್ಕಾಚಾರ ಇರುವ ಸಂಬಂಧವೇ. ಸಂಸ್ಕೃತದ 'ಶತ' ಲ್ಯಾಟಿನ್ನಿನಲ್ಲಿ 'ಕೆಂಟುಮ್', ಇಂಗ್ಲಿಷಿನಲ್ಲಿ 'ಹಂಡ್ರೆಡ್'. ಸಂಸ್ಕೃತದ 'ಶ್ವಾನ' ಲ್ಯಾಟಿನ್ನಿನಲ್ಲಿ 'ಕಾನಿಸ್', ಇಂಗ್ಲಿಷಿನಲ್ಲಿ 'ಹೌಂಡ್'. 'ಶೃಂಗ' ಅಲ್ಲಿ 'ಕಾರ್ನು', ಇಲ್ಲಿ 'ಹಾರ್ನ್'. ಶ-ಕ-ಹ, ಒಂದೇ ಸಾಲು. ಶಾಣ-ಕೋಸ್-ಹೋನ್ ಕೂಡ ಅದೇ ಸಾಲಿನಲ್ಲಿ ಕೂರುತ್ತವೆ.

ಆ 'ಶಾಣ' ಕನ್ನಡಕ್ಕೆ ಬಂದು, ಶಕಾರ ಸಕಾರವಾಗಿ, ಕೊನೆಗೆ ಎಕಾರ ಸೇರಿ 'ಸಾಣೆ' ಆಯಿತು. ಶಾಲೆ ಸಾಲೆ ಆದ ಹಾಗೆ, ಶಿಲೆ ಸಿಲೆ ಆದ ಹಾಗೆ. ಹದಿಮೂರನೆಯ ಶತಮಾನದ ಕೇಶಿರಾಜ ಶಬ್ದಮಣಿದರ್ಪಣದಲ್ಲಿ ಇಂಥ ಮಾರ್ಪಾಟುಗಳಿಗೇ ಒಂದು ಪ್ರಕರಣ ಮೀಸಲಿಟ್ಟಿದ್ದಾನೆ. ಅಂದರೆ ಸೈಕಲ್ ಮೇಲೆ ಚಕ್ರ ಕಟ್ಟಿಕೊಂಡು 'ಚಾಕು ಸಾಣೇ...' ಅಂತ ಕೂಗುತ್ತಾ ಬರುತ್ತಿದ್ದವನ ಬಾಯಲ್ಲಿದ್ದ ಪದವೂ, ಕರಪತ್ರದ ಇಂಗ್ಲಿಷಿನ 'ಹೋನ್' ಪದವೂ ದೂರದ ದಾಯಾದಿಗಳು! ನಾವು ನಿಘಂಟಿನಲ್ಲಿ ಹುಡುಕುತ್ತಿದ್ದ ಪದ ನಮ್ಮ ಬೀದಿಯಲ್ಲೇ ಕೂಗಿಕೊಂಡು ಓಡಾಡುತ್ತಿತ್ತು.

ಇಂಗ್ಲಿಷಿನವರಿಗೆ ಹರಿತ ಮಾಡುವುದಕ್ಕೆ ಒಂದೇ ಪದ ಇಲ್ಲ. ನಾವು ಎಲ್ಲವನ್ನೂ 'ಷಾರ್ಪ್' ಮಾಡುತ್ತೇವೆ, ಆದರೆ ಆ ಕೆಲಸ ಗೊತ್ತಿದ್ದವರು ಹಂತಹಂತಕ್ಕೆ ಬೇರೆ ಪದ ಇಟ್ಟಿದ್ದಾರೆ. ಅಲಗು ಪೂರ್ತಿ ಮೊಂಡಾಗಿದ್ದರೆ, ಚಕ್ಕೆ ಎದ್ದಿದ್ದರೆ, ಮೊದಲು 'ಗ್ರೈಂಡ್' ಮಾಡಬೇಕು. ಅಂದರೆ ಒರಟು ಕಲ್ಲಿನಲ್ಲಿ ಲೋಹವನ್ನು ಚೆನ್ನಾಗಿ ಸವೆಸಿ ಅಂಚಿಗೆ ಆಕಾರ ಕೊಡುವುದು. ಆಮೇಲೆ ನಯವಾದ ಕಲ್ಲಿನಲ್ಲಿ 'ಹೋನ್'. ಇಲ್ಲಿ ಲೋಹ ಹೋಗುವುದು ಕಮ್ಮಿ, ಅಂಚು ನಯವಾಗುವುದು ಜಾಸ್ತಿ. ಕೊನೆಗೆ ಚರ್ಮದ ಪಟ್ಟಿಯ ಮೇಲೆ 'ಸ್ಟ್ರಾಪ್'. ಕಲ್ಲಿನಲ್ಲಿ ಉಜ್ಜಿದಾಗ ಅಂಚಿನಾಚೆ ಕಣ್ಣಿಗೆ ಕಾಣದಷ್ಟು ತೆಳ್ಳನೆಯ ಲೋಹದ ಎಳೆಯೊಂದು ಬಾಗಿ ನಿಂತಿರುತ್ತದೆ. ಚರ್ಮ ಅದನ್ನು ತೆಗೆದುಹಾಕುತ್ತದೆ. ನಮ್ಮೂರ ಕ್ಷೌರದಂಗಡಿಯಲ್ಲಿ ಕುರ್ಚಿಯ ಪಕ್ಕ ನೇತಾಡುತ್ತಿದ್ದ ಚರ್ಮದ ಪಟ್ಟಿಗೆ ಕತ್ತಿಯನ್ನು ಪಟಪಟ ಅಂತ ಅತ್ತಿತ್ತ ಹೊಡೆಯುತ್ತಿದ್ದದ್ದು ಇದೇ ಕಾರಣಕ್ಕೆ. ಚಿಕ್ಕವರಿದ್ದಾಗ ಅದು ನಮ್ಮನ್ನು ಹೆದರಿಸೋದಕ್ಕೆ ಅಂದುಕೊಂಡಿದ್ದೆವು.

ತಮಾಷೆ ಏನೆಂದರೆ ಗ್ಯಾರೇಜಿನಲ್ಲೂ 'ಹೋನಿಂಗ್' ಇದೆ. ಅಲ್ಲಿ ಹರಿತದ ಮಾತೇ ಇಲ್ಲ. ಇಂಜಿನ್ನಿನ ಸಿಲಿಂಡರ್ ಬೋರ್ ಮಾಡಿಸಿದ ಮೇಲೆ ಒಳಮೈಯನ್ನು ನಯವಾದ ಕಲ್ಲುಗಳಿಂದ ಉಜ್ಜುತ್ತಾರೆ. ಆಗ ಒಂದರ ಮೇಲೊಂದು ಅಡ್ಡ ಹಾಯುವ ಸಣ್ಣ ಗೀರುಗಳು ಮೂಡುತ್ತವೆ. ಆ ಗೀರುಗಳಲ್ಲಿ ಆಯಿಲ್ ನಿಲ್ಲುತ್ತದೆ, ಪಿಸ್ಟನ್ ಸಲೀಸಾಗಿ ಓಡಾಡುತ್ತದೆ. ಹಾಗಾಗಿ 'ಹೋನ್' ಪದದ ತಿರುಳು ಹರಿತ ಅಲ್ಲವೇ ಅಲ್ಲ, ಕೊನೆಯ ಹಂತದ ನಯಗಾರಿಕೆ. ಆಗಲೇ ಇರುವುದನ್ನು ಇನ್ನಷ್ಟು ಹದಕ್ಕೆ ತರುವುದು. ಇದು ನೆನಪಿರಲಿ, ಆಮೇಲೆ ಬೇಕಾಗುತ್ತದೆ.

ಇನ್ನೊಂದು ಪದ 'ವೆಟ್'. ಒದ್ದೆ ಮಾಡುವ ವೆಟ್ ಅಲ್ಲ, ಮಧ್ಯೆ ಎಚ್ ಇರುವ ವೆಟ್. 'ಹಸಿವನ್ನು ವೆಟ್ ಮಾಡು' ಎಂದು ಬರೆಯುವಾಗ ಇಂಗ್ಲಿಷಿನವರೇ ಎಚ್ ಬಿಟ್ಟು ಹಸಿವನ್ನು ಒದ್ದೆ ಮಾಡಿಬಿಡುತ್ತಾರೆ. ಬಾಯಲ್ಲಿ ನೀರೂರುವುದರಿಂದ ಅದೂ ಸರಿ ಅನ್ನಿಸುತ್ತದೇನೋ! ಹಳೆಯ ಇಂಗ್ಲಿಷಿನಲ್ಲಿ ಈ ಪದದ ಬಳಗಕ್ಕೆ ಚುರುಕು, ಧೀರ ಎಂಬ ಅರ್ಥ ಇತ್ತು. 'ವೆಟ್' ಅಂದರೆ ಚುರುಕಾಗಿಸು. 'ವೆಟ್‌ಸ್ಟೋನ್' ಅಂದರೆ ಒದ್ದೆ ಕಲ್ಲಲ್ಲ, ಚುರುಕಾಗಿಸುವ ಕಲ್ಲು. ಅದರ ಮೇಲೆ ನೀರು ಹಾಕಿದರೂ ಎಣ್ಣೆ ಹಾಕಿದರೂ ಹೆಸರು ಅದೇ.

'ಎಗ್ ಆನ್' ಅಂತಾರಲ್ಲ, ಯಾರನ್ನಾದರೂ ಜಗಳಕ್ಕೆ ಎತ್ತಿಕಟ್ಟುವುದಕ್ಕೆ? ಅದರಲ್ಲಿ ಮೊಟ್ಟೆ ಇಲ್ಲ. ವೈಕಿಂಗರ ಭಾಷೆಯಾದ ಹಳೆಯ ನಾರ್ಸ್‌ನಲ್ಲಿ 'ಎಗ್' ಅಂದರೆ ಅಲಗಿನ ಅಂಚು. ಇಂಗ್ಲಿಷಿನ 'ಎಡ್ಜ್' ಅದರ ಒಡಹುಟ್ಟು. ಹಾಗಾಗಿ ಎಗ್ ಆನ್ ಅಂದರೆ ಮನುಷ್ಯನಿಗೆ ಸಾಣೆ ಹಿಡಿಯುವುದು. ಈ 'ಎಡ್ಜ್' ಕುಟುಂಬದ ಒಂದು ಕೊಂಬೆ ನಮ್ಮ ಕಡೆಗೂ ಚಾಚಿದೆ. ಸಂಸ್ಕೃತದ 'ಅಶ್ರಿ' ಅಂದರೆ ಅಂಚು, ಮೂಲೆ. ನಾಲ್ಕು ಮೂಲೆಯದು 'ಚತುರಶ್ರ'. ಸಂಗೀತ ಕಲಿತವರು ಚತುರಶ್ರ ಜಾತಿ ಅಂತ ತಾಳ ಹಾಕುವಾಗ ಆ ಹಳೆಯ ಅಲಗನ್ನೇ ತಟ್ಟುತ್ತಿರುತ್ತಾರೆ.

ಹಾಗೇ 'ತೇಜಸ್ಸು'. ಇದು 'ತಿಜ್', ಹರಿತವಾಗು, ಎಂಬ ಧಾತುವಿನದು. 'ತೀಕ್ಷ್ಣ' ಕೂಡ ಅಲ್ಲಿಂದಲೇ. ತೇಜಸ್ಸಿಗೆ ಅಲಗಿನ ಹರಿತವಾದ ಅಂಚು, ಜ್ವಾಲೆಯ ತುದಿ ಎಂಬ ಅರ್ಥಗಳೂ ಇವೆ. ಮುಖದ ಕಾಂತಿ ಅದರ ಮುಂದುವರಿಕೆ. ಲ್ಯಾಟಿನ್ ಮೂಲದ 'ಇನ್‌ಸ್ಟಿಗೇಟ್' (ಚುಚ್ಚಿ ಪ್ರಚೋದಿಸು) ಈ ಧಾತುವಿನ ಬಂಧು. ಪಾರ್ಸಿಯಿಂದ ಹಿಂದಿಗೆ ಬಂದ 'ತೇಜ್' ಸಹ ಹೌದು. ಎಲ್ಲೆಲ್ಲೂ ಒಂದೇ ನಡೆ: ಕಲ್ಲಿನಿಂದ ಅಲಗಿಗೆ, ಅಲಗಿನಿಂದ ಮನುಷ್ಯನ ಬುದ್ಧಿಗೆ.

ಸಾಣೆಕಲ್ಲು ಒಂದು ಕಾಲಕ್ಕೆ ಎಂಥ ಗೌರವದ ವಸ್ತುವಾಗಿತ್ತು ಅನ್ನುವುದಕ್ಕೆ ಒಂದು ಉದಾಹರಣೆ. ಇಂಗ್ಲೆಂಡಿನ ಸಫೋಕ್ ಪ್ರಾಂತ್ಯದ ಸಟನ್ ಹೂ ಎಂಬಲ್ಲಿ 1939ರಲ್ಲಿ ಒಂದು ದಿಬ್ಬ ಅಗೆದಾಗ, ಏಳನೆಯ ಶತಮಾನದ ಆರಂಭದ ಒಂದು ಹಡಗು ಸಮಾಧಿ ಸಿಕ್ಕಿತು. ಚಿನ್ನ, ಶಿರಸ್ತ್ರಾಣ, ಕತ್ತಿಗಳ ಜೊತೆಗೆ ಒಂದು ಉದ್ದನೆಯ ಸಾಣೆಕಲ್ಲು. ಎರಡೂ ತುದಿಗಳಲ್ಲಿ ಮನುಷ್ಯರ ಮುಖಗಳನ್ನು ಕೆತ್ತಿ, ಮೇಲೊಂದು ಕಂಚಿನ ಜಿಂಕೆ ನಿಲ್ಲಿಸಿದ್ದಾರೆ. ಒಮ್ಮೆಯೂ ಅದರ ಮೇಲೆ ಕತ್ತಿ ಉಜ್ಜಿದ ಗುರುತಿಲ್ಲ. ಅದು ರಾಜದಂಡ ಇರಬೇಕು ಅನ್ನುವುದು ವಿದ್ವಾಂಸರ ಊಹೆ. ಕತ್ತಿ ಹಿಡಿಯುವವರು ನೂರಾರು, ಆ ಕತ್ತಿಗಳಿಗೆಲ್ಲ ಹರಿತ ಕೊಡುವ ಕಲ್ಲು ರಾಜ! ಈಗ ಅದು ಬ್ರಿಟಿಷ್ ಮ್ಯೂಸಿಯಂನಲ್ಲಿದೆ.

ವೈಕಿಂಗರ ಪುರಾಣದಲ್ಲೂ ಈ ಕಲ್ಲಿನ ಕಥೆಗಳಿವೆ. ಹದಿಮೂರನೆಯ ಶತಮಾನದಲ್ಲಿ ಐಸ್‌ಲ್ಯಾಂಡಿನ ಸ್ನೋರಿ ಅವನ್ನು ಬರೆದಿಟ್ಟ. ಓಡಿನ್ ದೇವರು ವೇಷ ಮರೆಸಿಕೊಂಡು ಹುಲ್ಲು ಕೊಯ್ಯುತ್ತಿದ್ದ ಒಂಬತ್ತು ಜನ ಆಳುಗಳ ಬಳಿ ಬಂದು ಅವರ ಕುಡುಗೋಲುಗಳನ್ನು ಮಸೆದು ಕೊಡುತ್ತಾನೆ. ಹರಿತ ನೋಡಿ ಎಲ್ಲರಿಗೂ ಆ ಕಲ್ಲಿನ ಮೇಲೆ ಆಸೆ. ಓಡಿನ್ ಅದನ್ನು ಮೇಲಕ್ಕೆ ಎಸೆಯುತ್ತಾನೆ. ಹಿಡಿಯಲು ಮುಗಿಬಿದ್ದ ಒಂಬತ್ತೂ ಜನ ಒಬ್ಬರ ಕುಡುಗೋಲಿಗೆ ಇನ್ನೊಬ್ಬರು ಕತ್ತು ಕೊಟ್ಟು ಸಾಯುತ್ತಾರೆ. ಇನ್ನೊಂದು ಕಥೆಯಲ್ಲಿ ಹ್ರುಂಗ್ನಿರ್ ಎಂಬ ದೈತ್ಯನ ಆಯುಧವೇ ಸಾಣೆಕಲ್ಲು. ಅವನು ಎಸೆದ ಕಲ್ಲು, ಥಾರ್ ಎಸೆದ ಸುತ್ತಿಗೆ ಗಾಳಿಯಲ್ಲಿ ಡಿಕ್ಕಿ ಹೊಡೆದು ಕಲ್ಲು ಒಡೆಯುತ್ತದೆ. ಒಂದು ಚೂರು ಭೂಮಿಗೆ ಬಿದ್ದು ಲೋಕದ ಸಾಣೆಕಲ್ಲಿನ ಬಂಡೆಗಳೆಲ್ಲ ಆದವು, ಇನ್ನೊಂದು ಥಾರ್‌ನ ತಲೆಯಲ್ಲೇ ನಾಟಿ ಉಳಿಯಿತು. ಅದಕ್ಕೇ ಸಾಣೆಕಲ್ಲನ್ನು ನೆಲದ ಮೇಲೆ ಅಡ್ಡ ಎಸೆಯಬಾರದಂತೆ, ಎಸೆದರೆ ಥಾರ್ ತಲೆಯ ಚೂರು ಅಲುಗಾಡುತ್ತದಂತೆ. ನಮ್ಮ ಅಜ್ಜಿ ಹೇಳುತ್ತಿದ್ದ 'ಒನಕೆ ದಾಟಬೇಡ, ಮೊರ ತುಳೀಬೇಡ' ನೆನಪಾಗಲಿಲ್ಲವೇ? ಅಂದ ಹಾಗೆ ಆ ಕಥೆಯ ನಾರ್ಸ್ ಭಾಷೆಯಲ್ಲಿ ಈ ಕಲ್ಲಿಗೆ 'ಹೇಯ್ನ್' ಅನ್ನುತ್ತಾರೆ. ಹೋನ್ ಪದದ ಸ್ವಂತ ಅಣ್ಣ.

ಅದೇ ಕಲ್ಲಿಗೆ ಮಧ್ಯಯುಗದ ಲಂಡನ್ನಿನಲ್ಲಿ ಬೇರೆಯೇ ಮರ್ಯಾದೆ. ಸುಳ್ಳು ಹಬ್ಬಿಸಿದವನನ್ನು ಸಾರ್ವಜನಿಕವಾಗಿ ಕಟ್ಟೆಯ ಮೇಲೆ ನಿಲ್ಲಿಸಿ ಅವನ ಕುತ್ತಿಗೆಗೆ ಸಾಣೆಕಲ್ಲು ನೇತುಹಾಕುತ್ತಿದ್ದರು. 1364ರಲ್ಲಿ ಇಂಥ ಶಿಕ್ಷೆ ಕೊಟ್ಟದ್ದು ನಗರದ ದಾಖಲೆಗಳಲ್ಲಿದೆ. ಮುಂದೆ ಸುಳ್ಳು ಹೇಳುವ ಪಂದ್ಯದಲ್ಲಿ ಗೆದ್ದವನಿಗೆ ಸಾಣೆಕಲ್ಲನ್ನೇ ಬಹುಮಾನ ಅನ್ನುವ ತಮಾಷೆಯೂ ಹುಟ್ಟಿಕೊಂಡಿತು.

ಸುಳ್ಳು ಅಂದಾಗ ಇನ್ನೊಂದು ವಿಷಯ. 'ಮರ ಕಡಿಯಲು ಆರು ಗಂಟೆ ಕೊಟ್ಟರೆ ಮೊದಲ ನಾಲ್ಕು ಗಂಟೆ ಕೊಡಲಿ ಮಸೆಯುತ್ತೇನೆ' ಎಂಬ ಮಾತು ಲಿಂಕನ್ ಹೆಸರಲ್ಲಿ ಎಲ್ಲ ವ್ಯಕ್ತಿತ್ವ ವಿಕಸನದ ಪುಸ್ತಕಗಳಲ್ಲೂ ಬರುತ್ತದೆ. ಲಿಂಕನ್ ತೀರಿಕೊಂಡದ್ದು 1865ರಲ್ಲಿ. ಆತ ಹೀಗೆ ಹೇಳಿದ್ದಕ್ಕೆ ಆ ಕಾಲದ ಯಾವ ಪುರಾವೆಯೂ ಇಲ್ಲ. ಈ ಥರದ ಮಾತು ಅಚ್ಚಿನಲ್ಲಿ ಕಾಣಿಸಿಕೊಳ್ಳುವುದು 1950ರ ದಶಕದಲ್ಲಿ, ಅದೂ ಯಾವನೋ ಹೆಸರಿಲ್ಲದ ಮರ ಕಡಿಯುವವನ ಬಾಯಲ್ಲಿ. ಪಾಪ, ಕೊಡಲಿ ಹಿಡಿದವನ ಮಾತು ಅಧ್ಯಕ್ಷರ ಪಾಲಾಯಿತು.

ಈ ಕಲ್ಲಿನ ಕಥೆಗಳಲ್ಲಿ ನನಗೆ ಬಲು ಇಷ್ಟವಾದದ್ದು ಒಂದು ಗಣಿತದ ಪುಸ್ತಕದ್ದು. 1557ರಲ್ಲಿ ವೇಲ್ಸ್ ಮೂಲದ ವೈದ್ಯ ರಾಬರ್ಟ್ ರೆಕಾರ್ಡ್ ಇಂಗ್ಲಿಷಿನಲ್ಲಿ ಬೀಜಗಣಿತದ ಪುಸ್ತಕ ಬರೆದ. ಹೆಸರು 'ದ ವೆಟ್‌ಸ್ಟೋನ್ ಆಫ್ ವಿಟ್', ಬುದ್ಧಿಯ ಸಾಣೆಕಲ್ಲು. ಈ ಹೆಸರು ಯಾಕೆ? ಆಗ ಇಟಲಿಯವರು ಬೀಜಗಣಿತದ ಅವ್ಯಕ್ತ ರಾಶಿಯನ್ನು, ಅಂದರೆ ನಮ್ಮ 'ಎಕ್ಸ್' ಅನ್ನು, 'ಕೋಸಾ' ಅನ್ನುತ್ತಿದ್ದರು. ಕೋಸಾ ಅಂದರೆ ವಸ್ತು, 'ಯಾವುದೋ ಒಂದು'. ಜರ್ಮನರು ಬೀಜಗಣಿತವನ್ನೇ 'ಕಾಸ್' ಅಂದರು. ಲ್ಯಾಟಿನ್ ಬಲ್ಲ ರೆಕಾರ್ಡ್‌ಗೆ 'ಕೋಸ್' ಅಂದರೆ ಸಾಣೆಕಲ್ಲು ಅಂತ ಹೊಳೆಯಿತು. ಶ್ಲೇಷೆ ಮಾಡಿ ಪುಸ್ತಕಕ್ಕೆ ಹೆಸರಿಟ್ಟ. ಸಮ ಚಿಹ್ನೆ (=) ಮೊದಲ ಸಲ ಅಚ್ಚಾದದ್ದು ಇದೇ ಪುಸ್ತಕದಲ್ಲಿ. 'ಇದಕ್ಕೆ ಸಮ' ಎಂದು ಮತ್ತೆ ಮತ್ತೆ ಬರೆದು ಬೇಸತ್ತು, ಎರಡು ಸಮಾನಾಂತರ ಗೆರೆಗಳಿಗಿಂತ ಸಮವಾದದ್ದು ಬೇರೇನಿದೆ ಅಂತ ಆತ ಆ ಗುರುತು ಆರಿಸಿಕೊಂಡ. ಮರುವರ್ಷ, 1558ರಲ್ಲಿ, ರೆಕಾರ್ಡ್ ಲಂಡನ್ನಿನ ಸೆರೆಮನೆಯಲ್ಲಿ ತೀರಿಕೊಂಡ. ಕೋಸ್ ಮತ್ತು ಶಾಣ ಬಂಧುಗಳಾದ್ದರಿಂದ, ಜಗತ್ತಿನ ಮಕ್ಕಳೆಲ್ಲ ಬರೆಯುವ ಆ ಎರಡು ಗೆರೆ ಹುಟ್ಟಿದ ಪುಸ್ತಕದ ಹೆಸರಿನ ಹಿಂದೆ ನಮ್ಮ ಸಾಣೆಯ ನೆಂಟನೊಬ್ಬ ಕೂತಿದ್ದಾನೆ.

ಈಗ ಮನೆಗೆ ಬರೋಣ. ನಮ್ಮಲ್ಲಿ ಏನಿದೆ?

'ಮಸೆ' ಅಚ್ಚಗನ್ನಡ. ಉಜ್ಜು, ಉಜ್ಜಿ ಹರಿತ ಮಾಡು. ಮಲೆನಾಡಿನ ಮನೆಗಳಲ್ಲಿ ಮರದ ಹಲಗೆಯ ಮೇಲೆ ಬೆಣಚುಕಲ್ಲಿನ ಪುಡಿ ಹಾಕಿ ಕತ್ತಿ ಮಸೆಯುತ್ತಿದ್ದರು. ಬೆಣಚುಕಲ್ಲು ಕಬ್ಬಿಣಕ್ಕಿಂತ ಗಟ್ಟಿ, ಅದಕ್ಕೇ ಅದು ಕತ್ತಿಯನ್ನು ಸವೆಸುತ್ತದೆ. ಆದರೆ ಮಸೆಯುವುದರಲ್ಲಿ ಸಿಟ್ಟಿನ ಛಾಯೆ ಇದೆ. ಹಲ್ಲು ಮಸೆಯುತ್ತೇವೆ, ದಾಯಾದಿಗಳ ಮೇಲೆ ಕತ್ತಿ ಮಸೆಯುತ್ತೇವೆ. ಕೌಶಲ್ಯ ಮಸೆದರೆ ಯಾರ ಮೇಲೆ ಅಂತ ಕೇಳಬೇಕಾಗುತ್ತದೆ!

'ಕೂರ್' ಹಳಗನ್ನಡ. ಕೂರಸಿ ಅಂದರೆ ಹರಿತವಾದ ಕತ್ತಿ, ಕೂರಂಬು ಅಂದರೆ ಚೂಪಾದ ಬಾಣ. ಅದೇ ರೂಪದ ಇನ್ನೊಂದು 'ಕೂರ್' ಅಂದರೆ ಪ್ರೀತಿಸು, ಕೂರ್ಮೆ ಅಂದರೆ ಒಲವು. ಎರಡೂ ಎದೆಗೇ ನಾಟುವಂಥವು ಅಂತ ಕವಿಗಳು ಹೇಳಿಯಾರು :-)

'ಒರೆಗೆ ಹಚ್ಚು' ಅನ್ನುವುದನ್ನು ಕೆಲವರು ಸಾಣೆಗೆ ಬದಲಾಗಿ ಬಳಸುತ್ತಾರೆ. ಅದು ಬೇರೆ. ಒರೆಗಲ್ಲು ಅಕ್ಕಸಾಲಿಗರದು, ಚಿನ್ನವನ್ನು ಪರೀಕ್ಷಿಸುತ್ತದೆ. ಸಾಣೆಕಲ್ಲು ಹರಿತ ಮಾಡುತ್ತದೆ. ಪ್ರತಿಭೆಯನ್ನು ಸ್ಪರ್ಧೆಯಲ್ಲಿ ಒರೆಗೆ ಹಚ್ಚಬೇಕು, ಅದಕ್ಕೆ ಮುಂಚೆ ಮನೆಯಲ್ಲಿ ಸಾಣೆ ಹಿಡಿಯಬೇಕು.

ಸಾಣೆ ಚಾಕುವಿಗೆ ಮಾತ್ರ ಅಲ್ಲ. ಗಂಧ ತೇಯುವ ಕಲ್ಲೂ ಸಾಣೆಕಲ್ಲೇ. ರತ್ನಕ್ಕೆ ಹೊಳಪು ಕೊಡುವುದೂ ಸಾಣೆಯೇ. ಸವೆದಷ್ಟೂ ಶೋಭಿಸುವವರ ಸಾಲಿನಲ್ಲಿ ಭರ್ತೃಹರಿ ಸಾಣೆ ಹಿಡಿದ ಮಣಿಯನ್ನೂ ಸೇರಿಸಿದ್ದಾನೆ.

'ತಿದ್ದಿ ತೀಡು'. ನನ್ನ ಪ್ರಕಾರ ಇದೇ ನಿಜವಾದ 'ಹೋನ್'. ತೀಡುವುದು ಅಂದರೆ ನಯವಾಗಿ ಉಜ್ಜುವುದು. ತಮಿಳಿನಲ್ಲಿ ಇದರ ಜೊತೆಗಾರ 'ತೀಟ್ಟು' ಕತ್ತಿ ಹರಿತ ಮಾಡುವುದಕ್ಕೆ ಈಗಲೂ ಬಳಕೆಯಲ್ಲಿದೆ. ಬರಹವನ್ನು, ಭಾಷಣವನ್ನು, ಮಕ್ಕಳನ್ನು ತಿದ್ದಿ ತೀಡುತ್ತೇವೆ. ಮೇಲೆ ನೆನಪಿಟ್ಟುಕೊಳ್ಳಿ ಅಂದಿದ್ದೆನಲ್ಲ, ಆಗಲೇ ಇರುವುದಕ್ಕೆ ಕೊನೆಯ ನಯ ಕೊಡುವುದು, ಅದು ಇದೇ.

'ನುರಿ' ಅಂತ ಇನ್ನೊಂದಿದೆ. ಮೂಲದಲ್ಲಿ ಪುಡಿಯಾಗು, ಅರೆಯಲ್ಪಡು. ಕೆಲಸದಲ್ಲಿ ಅರೆದು ಅರೆದು ಹದವಾದವನು 'ನುರಿತ' ಕೆಲಸಗಾರ. ಕಲ್ಲಿಗೆ ಸಿಕ್ಕಿದ ಮನುಷ್ಯ! ಜೊತೆಗೆ ಪಳಗು, ಕೈ ಹದಕ್ಕೆ ಬರು, ಸಂಗೀತದವರ ಸಾಧಕ... ಇಷ್ಟೆಲ್ಲ ಇಟ್ಟುಕೊಂಡು ನಾವು 'ಕೌಶಲ್ಯ ಹರಿತಗೊಳಿಸಿ' ಅಂತಿದ್ದೇವೆ. 'ನಿಮ್ಮ ಕಸುಬಿನಲ್ಲಿ ಇನ್ನಷ್ಟು ನುರಿಯಿರಿ', 'ನಿಮ್ಮ ಪ್ರತಿಭೆಗೆ ಸಾಣೆ ಹಿಡಿಯಿರಿ' ಅಂದರೆ ಯಾರಿಗೆ ಅರ್ಥವಾಗುವುದಿಲ್ಲ ಹೇಳಿ?

ನನ್ನ ಆತಂಕ ಬರೀ ಅನುವಾದದ್ದಲ್ಲ. ಪದಗಳು ಕೆಲಸದ ಜೊತೆ ಬರುತ್ತವೆ, ಕೆಲಸದ ಜೊತೆಗೇ ಹೋಗುತ್ತವೆ. ಅಮೆರಿಕದ ಕಿಂಗ್ ಕ್ಯಾಂಪ್ ಜಿಲೆಟ್ ಬಳಸಿ ಬಿಸಾಡುವ ಬ್ಲೇಡಿನ ರೇಜರ್ ಅನ್ನು 1903ರಲ್ಲಿ ಮಾರಾಟಕ್ಕಿಟ್ಟಾಗ ಇಡೀ ವರ್ಷಕ್ಕೆ ಹೋದದ್ದು 51 ರೇಜರ್, 168 ಬ್ಲೇಡು. ಪೇಟೆಂಟ್ ಸಿಕ್ಕಿದ್ದು 1904ರಲ್ಲಿ. ಆಮೇಲಿನದು ಗೊತ್ತೇ ಇದೆ. ಹರಿತ ಮಾಡುವ ಅಗತ್ಯವೇ ಇಲ್ಲದ ಅಲಗು ಬಂತು. ಏಡ್ಸ್ ಬಗ್ಗೆ ತಿಳಿವಳಿಕೆ ಹರಡಿದ ಮೇಲೆ ನಮ್ಮ ಕ್ಷೌರದಂಗಡಿಗಳಲ್ಲೂ ಪ್ರತಿಯೊಬ್ಬರಿಗೂ ಹೊಸ ಬ್ಲೇಡ್ ಬಂತು, ಅದು ಒಳ್ಳೆಯದೇ ಆಯಿತು. ಆದರೆ ಗೋಡೆಯ ಚರ್ಮದ ಪಟ್ಟಿ ಹೋಯಿತು. ಮಿಕ್ಸಿ ಬಂದು ಒಳಕಲ್ಲಿಗೆ ಮುಳ್ಳು ಹಾಕುವವರು ಬರುವುದು ನಿಂತಿತು. ಕೊಯ್ಲಿನ ಯಂತ್ರ ಬಂದು ಕುಡುಗೋಲಿಗೆ ಕಕ್ಕು ಹಾಕಿಸಲು ಕುಲುಮೆಗೆ ಹೋಗುವುದು ತಪ್ಪಿತು. ಇವೆಲ್ಲ ಹಿಂದಕ್ಕೆ ಬರಬೇಕು ಅಂತ ನಾನು ಹೇಳುತ್ತಿಲ್ಲ, ಒಳಕಲ್ಲು ತಿರುಗಿಸಿದ ಅಮ್ಮನ ಮುಂದೆ ಹಾಗೆ ಹೇಳುವ ಧೈರ್ಯವೂ ನನಗಿಲ್ಲ. ಆದರೆ ಮುಳ್ಳು, ಕಕ್ಕು, ಮಸೆ, ಸಾಣೆ ಪದಗಳು ಗೊತ್ತಿಲ್ಲದ ಮಗುವಿಗೆ 'ಹೋನ್' ಒಂದೇ ಗೊತ್ತಿರುತ್ತದೆ, ಅದಕ್ಕೆ ಕನ್ನಡದಲ್ಲಿ ಪದವೇ ಇಲ್ಲ ಅಂತ ಅದು ನಂಬಿಬಿಡುತ್ತದೆ. ಪದ ಇಲ್ಲದ್ದಕ್ಕೆ ಅಲ್ಲ, ಬಳಸದೆ ಮೊಂಡಾದದ್ದಕ್ಕೆ.

ಮೊಂಡಾದದ್ದಕ್ಕೆ ಏನು ಮಾಡಬೇಕು ಅಂತ ಇಷ್ಟು ಹೊತ್ತೂ ಹೇಳಿದ್ದೇನಲ್ಲ! ಬ್ಲಾಗಿಗರೇ, ನಿಮ್ಮೂರ ಕಡೆ ಕತ್ತಿ, ಕುಡುಗೋಲು, ಗುದ್ದಲಿ, ಈಳಿಗೆಮಣೆ, ಒಳಕಲ್ಲುಗಳನ್ನು ಹರಿತ ಮಾಡುವುದಕ್ಕೆ ಏನಂತಾರೆ? ಕರಾವಳಿಯಲ್ಲಿ ಏನು, ಬೆಳಗಾವಿ-ಬೀದರ್ ಕಡೆ ಏನು, ಚಾಮರಾಜನಗರದ ಕಡೆ ಏನು? ನಿಮ್ಮ ಮನೆಯ ಹಿರಿಯರನ್ನೊಮ್ಮೆ ಕೇಳಿ ಬರೆಯಿರಿ. ಬಂದಷ್ಟನ್ನೂ ಸೇರಿಸಿ ಒಂದು ಪಟ್ಟಿ ಮಾಡಿ ಇಲ್ಲೇ ಹಾಕುತ್ತೇನೆ.